ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಪುರಾಡಳಿತ ಹಾಗೂ ಸ್ಥಳೀಯ ವ್ಯಾಪಾರ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಕರ್ನಾಟಕ ರಾಜ್ಯದ ಚಿಕ್ಕಮಗಳೂರು ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳು. ಕಡೂರು ಮತ್ತು ತರೀಕೆರೆಗಳಲ್ಲಿ ಪುರಸಭೆಗಳಿದ್ದು, ಅಜ್ಜಂಪುರದಲ್ಲಿ ಪಟ್ಟಣ ಪಂಚಾಯಿತಿ ಇದೆ. ಕಡೂರು ತಾಲ್ಲೂಕಿಗೆ ಸೇರಿದ ಬೀರೂರಿನಲ್ಲಿ ಪ್ರತ್ಯೇಕ ಪುರಸಭೆಯಿದೆ. ಈ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಅಂಗಡಿ, ಸಂತೆ, ಹೋಟೆಲು, ಗಿರಣಿ ಮತ್ತು ಬೀದಿ ಬದಿಯ ವ್ಯಾಪಾರಗಳಿಗೆ ಯಾವ ರೀತಿಯಲ್ಲಿ ನೆರವಾಗುತ್ತವೆ, ಆ ನೆರವಿಗೆ ಕಾನೂನು ಮತ್ತು ಹಣಕಾಸಿನ ಮಿತಿಗಳು ಯಾವುವು ಎಂಬುದು ಈ ಲೇಖನದ ವಿಷಯ.

ಪುರಸಭೆಯು ಕಾರ್ಖಾನೆಯನ್ನು ಸ್ಥಾಪಿಸುವುದಿಲ್ಲ, ಬ್ಯಾಂಕಿನಂತೆ ಸಾಲವನ್ನೂ ನೀಡುವುದಿಲ್ಲ. ಆದರೆ ವ್ಯಾಪಾರಿ ಎಲ್ಲಿ ಕುಳಿತುಕೊಳ್ಳಬೇಕು, ಎಷ್ಟು ಬಾಡಿಗೆ ಕೊಡಬೇಕು, ಅವನ ಅಂಗಡಿಯ ಮುಂದೆ ದೀಪ ಉರಿಯುತ್ತದೆಯೇ, ಚರಂಡಿ ಹರಿಯುತ್ತದೆಯೇ, ಬ್ಯಾಂಕು ಕೇಳುವ ದಾಖಲೆ ಅವನಿಗೆ ಎಷ್ಟು ದಿನದಲ್ಲಿ ದೊರೆಯುತ್ತದೆ ಎಂಬುದೆಲ್ಲ ಪುರಸಭೆಯ ಕೈಯಲ್ಲಿದೆ. ಸಣ್ಣ ಪಟ್ಟಣದ ಆರ್ಥಿಕ ಬೆಳವಣಿಗೆಯಲ್ಲಿ ಸ್ಥಳೀಯ ಸಂಸ್ಥೆಯ ಪಾತ್ರವನ್ನು ಅರಿಯಬೇಕಾದರೆ ದೊಡ್ಡ ಯೋಜನೆಗಳ ಹೆಸರುಗಳಿಗಿಂತ ಈ ದಿನನಿತ್ಯದ ಸಂಗತಿಗಳನ್ನೇ ಮೊದಲು ನೋಡಬೇಕಾಗುತ್ತದೆ.

ಪ್ರದೇಶ ಮತ್ತು ಆರ್ಥಿಕ ಹಿನ್ನೆಲೆ

ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲಾಗುತ್ತಿತ್ತು. ಕಾಫಿಯ ಜಿಲ್ಲೆ ಎಂದು ಹೊರಗಿನವರು ಚಿಕ್ಕಮಗಳೂರನ್ನು ಗುರುತಿಸಿದರೂ ಈ ಮೂರು ತಾಲ್ಲೂಕುಗಳ ಬಹುಭಾಗದ ಬದುಕು ಕಾಫಿಯದಲ್ಲ. ಕಡೂರು ಮಲೆನಾಡಿನ ಮಳೆನೆರಳಿನ ಬಯಲುಸೀಮೆ. ರಾಗಿ, ತೆಂಗು, ಕೊಬ್ಬರಿ ಮತ್ತು ಪಶುಪಾಲನೆ ಇಲ್ಲಿನ ಆಧಾರ. ಬರಗಾಲ ಆಗಾಗ ಬರುವ ಅತಿಥಿ. ತರೀಕೆರೆ ಮಲೆನಾಡು ಮತ್ತು ಬಯಲುಸೀಮೆಗಳ ನಡುವಣ ಅರೆಮಲೆನಾಡು. ಲಕ್ಕವಳ್ಳಿಯ ಬಳಿಯ ಭದ್ರಾ ಜಲಾಶಯ ಮತ್ತು ಅಡಿಕೆ ತೋಟಗಳು ಈ ತಾಲ್ಲೂಕಿನ ಆರ್ಥಿಕತೆಗೆ ಬೇರೆಯೇ ಬಣ್ಣ ಕೊಟ್ಟಿವೆ. ಅಜ್ಜಂಪುರದ ಸುತ್ತಮುತ್ತ ಈರುಳ್ಳಿ ಪ್ರಮುಖ ವಾಣಿಜ್ಯ ಬೆಳೆ. ಅಮೃತ ಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವೂ ಅಜ್ಜಂಪುರದಲ್ಲಿದೆ.

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹಾದುಹೋಗುತ್ತದೆ. ಬೀರೂರಿನಲ್ಲಿ ಕವಲೊಡೆಯುವ ಮಾರ್ಗ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ತಲುಪುತ್ತದೆ. 2013ರಲ್ಲಿ ಕಡೂರು–ಚಿಕ್ಕಮಗಳೂರು ಮಾರ್ಗ ಸಂಚಾರಕ್ಕೆ ತೆರೆದ ಮೇಲೆ ಕಡೂರು ಕೂಡ ಜಂಕ್ಷನ್ ಆಯಿತು. ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದ ತುಮಕೂರು–ಹೊನ್ನಾವರ ರಸ್ತೆಯ ಮೇಲೆ ಕಡೂರು, ಬೀರೂರು ಮತ್ತು ತರೀಕೆರೆಗಳು ಸಾಲಾಗಿ ನಿಂತಿವೆ. ಅಜ್ಜಂಪುರ ಈ ಹೆದ್ದಾರಿಯಿಂದ ಒಳಗಿದೆ. ಈ ಒಂದು ವ್ಯತ್ಯಾಸ ಮೂರು ಊರುಗಳ ಅಂಗಡಿ ಬೀದಿಗಳ ಸ್ವರೂಪವನ್ನೇ ಬೇರೆಯಾಗಿಸಿದೆ: ಕಡೂರು ಮತ್ತು ತರೀಕೆರೆಗಳಲ್ಲಿ ದಾರಿಹೋಕನೂ ಗಿರಾಕಿ, ಅಜ್ಜಂಪುರದಲ್ಲಿ ಸುತ್ತಲಿನ ಹಳ್ಳಿಯವನೇ ಗಿರಾಕಿ.

ಆರ್ಥಿಕ ಬೆಳವಣಿಗೆಯಲ್ಲಿ ಸ್ಥಳೀಯರನ್ನು ತೊಡಗಿಸುವ ಯೋಚನೆ ಈ ಸೀಮೆಗೆ ಹೊಸದೇನಲ್ಲ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಆರಂಭವಾದ ಸಂಪದಭ್ಯುದಯ ಸಮಾಜವು ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳ ಬಗ್ಗೆ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಸಮಿತಿಗಳ ಮೂಲಕ ಜನರ ಅಭಿಪ್ರಾಯ ಪಡೆಯುವ ಪ್ರಯತ್ನ ಮಾಡಿತ್ತು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಮುಂದೆ ನೆರೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಾಗಿತು. ಅದಿರು ಇಲ್ಲಿಯದು, ಪಟ್ಟಣವಾಗಿ ಬೆಳೆದದ್ದು ಭದ್ರಾವತಿ.

ಕಾನೂನಿನ ಚೌಕಟ್ಟು

ರಾಜ್ಯದ ಪುರಸಭೆಗಳು ಮತ್ತು ಪಟ್ಟಣ ಪಂಚಾಯಿತಿಗಳು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ 10,000ದಿಂದ 20,000 ಜನಸಂಖ್ಯೆಯಿರುವ, ಹಳ್ಳಿಯಿಂದ ಪಟ್ಟಣಕ್ಕೆ ಹೊರಳುತ್ತಿರುವ ಊರುಗಳಿಗೆ ಪಟ್ಟಣ ಪಂಚಾಯಿತಿಯೂ, 20,000ದಿಂದ 50,000ದವರೆಗಿನ ಪಟ್ಟಣಗಳಿಗೆ ಪುರಸಭೆಯೂ, ಅದಕ್ಕಿಂತ ದೊಡ್ಡ ಪಟ್ಟಣಗಳಿಗೆ ನಗರಸಭೆಯೂ ಇರುತ್ತವೆ. ಜನರು ಆರಿಸಿದ ಸದಸ್ಯರ ಪರವಾಗಿ ಅಧ್ಯಕ್ಷರು ಸಭೆಯನ್ನು ನಡೆಸಿದರೆ, ಆಡಳಿತವನ್ನು ಸರ್ಕಾರ ನೇಮಿಸಿದ ಮುಖ್ಯಾಧಿಕಾರಿ ನಡೆಸುತ್ತಾರೆ. ರಾಜ್ಯಮಟ್ಟದಲ್ಲಿ ಪೌರಾಡಳಿತ ನಿರ್ದೇಶನಾಲಯ ಮತ್ತು ಜಿಲ್ಲಾಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ ಇವುಗಳ ಮೇಲ್ವಿಚಾರಣೆ ಮಾಡುತ್ತವೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ನೀಡಿತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ‘ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗಾಗಿ ಯೋಜನೆ’ ಎಂಬುದೂ ಒಂದು. ನಗರ ಬಡತನ ನಿವಾರಣೆ, ಬೀದಿ ದೀಪ, ವಾಹನ ನಿಲುಗಡೆ ಮತ್ತು ಬಸ್ ನಿಲ್ದಾಣಗಳೂ ಅದೇ ಪಟ್ಟಿಯಲ್ಲಿವೆ. ಆದರೆ ಈ ವಿಷಯಗಳನ್ನು ಎಷ್ಟರಮಟ್ಟಿಗೆ ಪುರಸಭೆಗೆ ವಹಿಸಬೇಕು ಎಂಬ ತೀರ್ಮಾನವನ್ನು ಸಂವಿಧಾನ ಆಯಾ ರಾಜ್ಯದ ವಿಧಾನಮಂಡಲಕ್ಕೆ ಬಿಟ್ಟಿದೆ. ಇದರಿಂದಾಗಿ ಬರಹದಲ್ಲಿ ಆರ್ಥಿಕ ಯೋಜನೆ ಪುರಸಭೆಯದಾದರೂ, ಕೃಷಿ ಮಾರುಕಟ್ಟೆ ಪ್ರಾಂಗಣ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯದು, ಕೈಗಾರಿಕಾ ಪ್ರದೇಶ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು, ವಿದ್ಯುತ್ತು ಮೆಸ್ಕಾಂನದು, ಹೆದ್ದಾರಿ ಕೇಂದ್ರ ಸರ್ಕಾರದ್ದು. ಉಳಿದ ಓಣಿ, ಚರಂಡಿ, ಸಂತೆಮಾಳ ಮತ್ತು ಮಳಿಗೆ ಮಾತ್ರ ಪುರಸಭೆಯ ಪಾಲಿಗೆ ಬರುತ್ತವೆ.

1964ರ ಅಧಿನಿಯಮ ಪುರಸಭೆಯ ಕೆಲಸಗಳನ್ನು ಕಡ್ಡಾಯ ಮತ್ತು ವಿವೇಚನಾಧೀನ ಎಂದು ವಿಂಗಡಿಸಿದೆ. ಬೀದಿಗಳನ್ನು ನಿರ್ಮಿಸಿ ಕಾಪಾಡುವುದು, ದೀಪ ಹಾಕುವುದು, ಚೊಕ್ಕಟವಾಗಿಡುವುದು ಮತ್ತು ಮಾರುಕಟ್ಟೆಗಳನ್ನು ನಿರ್ವಹಿಸುವುದು ಕಡ್ಡಾಯ ಕರ್ತವ್ಯಗಳಲ್ಲಿ ಸೇರಿವೆ. ವ್ಯಾಪಾರಿ ಸಂಘಗಳು ಅರ್ಜಿ ಬರೆಯುವಾಗ ಈ ವ್ಯತ್ಯಾಸವನ್ನು ಗಮನಿಸುವುದು ಉಪಯುಕ್ತ. ಸಂತೆಮಾಳದಲ್ಲಿ ಕೆಸರು ನಿಂತಿದ್ದರೆ ಅದನ್ನು ಸರಿಪಡಿಸಿಕೊಡುವಂತೆ ಕೇಳುವುದು ಉಪಕಾರದ ಬೇಡಿಕೆಯಲ್ಲ.

ಆದಾಯ: ವ್ಯಾಪಾರದಿಂದ ಕಳಚಿದ ಕೊಂಡಿ

ಸ್ಥಳೀಯ ಸಂಸ್ಥೆ ವ್ಯಾಪಾರವನ್ನು ಪ್ರೋತ್ಸಾಹಿಸಲು ಅದಕ್ಕೆ ಆ ವ್ಯಾಪಾರದಿಂದ ಏನಾದರೂ ಲಾಭವಿರಬೇಕಲ್ಲವೇ ಎಂಬ ಪ್ರಶ್ನೆಗೆ ಕರ್ನಾಟಕದ ಪುರಸಭೆಗಳ ಇತಿಹಾಸದಲ್ಲಿ ಕುತೂಹಲಕರ ಉತ್ತರವಿದೆ. ಹಿಂದೆ ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಪುರಪ್ರವೇಶ ಸುಂಕವನ್ನು, ಅಂದರೆ ಜನರ ಬಾಯಲ್ಲಿ ಆಕ್ಟ್ರಾಯ್ ಎನಿಸಿಕೊಂಡ ತೆರಿಗೆಯನ್ನು, ವಸೂಲು ಮಾಡುತ್ತಿದ್ದವು. ಊರಿನ ದಾರಿಗಳಲ್ಲಿ ಸುಂಕದ ನಾಕೆಗಳಿದ್ದವು. ಗಾಡಿ, ಲಾರಿಗಳು ಅಲ್ಲಿ ಕಾಯಬೇಕಾಗಿತ್ತು. ವರ್ತಕರಿಗೆ ಇದು ಕಿರಿಕಿರಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ವಹಿವಾಟು ಹೆಚ್ಚಿದಂತೆ ಪುರಸಭೆಯ ಬೊಕ್ಕಸವೂ ತುಂಬುತ್ತಿತ್ತು. 1979ರಲ್ಲಿ ರಾಜ್ಯ ಸರ್ಕಾರ ಆಕ್ಟ್ರಾಯ್ ಅನ್ನು ರದ್ದುಪಡಿಸಿ, ಅದರ ಸ್ಥಾನದಲ್ಲಿ ತಾನೇ ಪ್ರವೇಶ ತೆರಿಗೆಯನ್ನು ವಿಧಿಸಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಪ್ರವೇಶ ತೆರಿಗೆಯೂ ಅದರಲ್ಲಿ ಲೀನವಾಯಿತು.

ವೃತ್ತಿ ತೆರಿಗೆಯ ಕಥೆಯೂ ಇದೇ ಜಾಡಿನದು. ಸಂವಿಧಾನದ 276ನೆಯ ಅನುಚ್ಛೇದದಂತೆ ಒಬ್ಬ ವ್ಯಕ್ತಿಗೆ ವರ್ಷಕ್ಕೆ ರೂ. 2,500 ಮೀರದಂತೆ ವಿಧಿಸಬಹುದಾದ ಈ ತೆರಿಗೆಯನ್ನು ನೆರೆಯ ಕೇರಳ ಮತ್ತು ತಮಿಳುನಾಡುಗಳಲ್ಲಿ ಸ್ಥಳೀಯ ಸಂಸ್ಥೆಗಳೇ ಸಂಗ್ರಹಿಸುತ್ತವೆ. ಕರ್ನಾಟಕದಲ್ಲಿ ಅದು 1976ರ ಕಾಯ್ದೆಯಂತೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 2013ರಿಂದ ವ್ಯಾಪಾರ ಕಟ್ಟಡಗಳ ಮೇಲಿನ ತೆರಿಗೆಯ ಅರ್ಧ ಭಾಗವನ್ನು ಸ್ಥಳೀಯ ಸಂಸ್ಥೆಗಳೇ ಉಳಿಸಿಕೊಳ್ಳುವ ವ್ಯವಸ್ಥೆ ಬಂದದ್ದಕ್ಕೆ, ಊರಿನಲ್ಲಿ ಉದ್ದಿಮೆ ಬೆಳೆದರೆ ಊರಿನ ಸಂಸ್ಥೆಗೂ ಲಾಭವಾಗಲಿ ಎಂಬುದೇ ಕಾರಣವಾಗಿತ್ತು.

ಇಂದು ಕಡೂರು ಅಥವಾ ತರೀಕೆರೆಯಂತಹ ಪುರಸಭೆಯ ಸ್ವಂತ ಆದಾಯವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಕಟ್ಟಡ ಪರವಾನಗಿ ಶುಲ್ಕ ಮತ್ತು ಸಂತೆಯ ಸುಂಕ. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕಹಾಕಿ ಘೋಷಿಸುವ ಪದ್ಧತಿ ಇದೆ. ಏಪ್ರಿಲ್ ತಿಂಗಳಲ್ಲಿಯೇ ಪಾವತಿಸಿದವರಿಗೆ ಶೇ. 5ರಷ್ಟು ರಿಯಾಯಿತಿ ದೊರೆಯುತ್ತದೆ. ತೆರಿಗೆಯ ಜೊತೆಯಲ್ಲಿ ಸಂಗ್ರಹಿಸುವ ಆರೋಗ್ಯ, ಗ್ರಂಥಾಲಯ ಮತ್ತು ಭಿಕ್ಷುಕರ ಕರಗಳು ಪುರಸಭೆಯ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ಅವುಗಳನ್ನು ಸಂಬಂಧಪಟ್ಟ ಇಲಾಖೆಗಳಿಗೆ ಜಮಾ ಮಾಡಬೇಕು.

ಈ ಪಟ್ಟಿಯನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕಿರಾಣಿ ಅಂಗಡಿಯ ವ್ಯಾಪಾರ ಇಮ್ಮಡಿಯಾದರೂ ಪುರಸಭೆಗೆ ಒಂದು ರೂಪಾಯಿ ಹೆಚ್ಚಿಗೆ ಬರುವುದಿಲ್ಲ. ಅಂಗಡಿಯ ಮೇಲೆ ಮಹಡಿ ಎದ್ದರೆ ಮಾತ್ರ ಬರುತ್ತದೆ. ಪುರಸಭೆಯ ಕಣ್ಣಿಗೆ ಅಂಗಡಿ ಎಂದರೆ ವ್ಯಾಪಾರವಲ್ಲ, ಕಟ್ಟಡ. ಸ್ಥಳೀಯ ಸಂಸ್ಥೆಗಳು ವಾಣಿಜ್ಯ ಸಂಕೀರ್ಣ ಕಟ್ಟಿಸಲು ತೋರುವ ಉತ್ಸಾಹವನ್ನು ವ್ಯಾಪಾರ ಬೆಳೆಸುವ ಇತರ ಕೆಲಸಗಳಲ್ಲಿ ತೋರದಿರುವುದಕ್ಕೆ ಸದಸ್ಯರ ಅನಾಸಕ್ತಿಗಿಂತ ಆದಾಯದ ಈ ರಚನೆಯೇ ಹೆಚ್ಚಿನ ಕಾರಣ.

ಸ್ವಂತ ಆದಾಯದ ಕೊರತೆಯನ್ನು ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನಗಳು ತುಂಬುತ್ತವೆ. 2021–26ರ ಅವಧಿಯ ಹದಿನೈದನೆಯ ಹಣಕಾಸು ಆಯೋಗವು ಸಣ್ಣ ಪಟ್ಟಣಗಳಿಗೆ ನೀಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಶೇ. 40ರಷ್ಟನ್ನು ಮಾತ್ರ ಮುಕ್ತವಾಗಿ ಬಿಟ್ಟಿತು. ಹೀಗಾಗಿ ಸಂತೆಮಾಳಕ್ಕೆ ಚಾವಣಿ ಹಾಕಿಸಬೇಕೆಂದು ಸಭೆಯಲ್ಲಿ ನಿರ್ಣಯ ಮಾಡುವುದು ಸುಲಭ, ಅದಕ್ಕೆ ಹಣದ ಶೀರ್ಷಿಕೆ ಹುಡುಕುವುದು ಕಷ್ಟ.

ಸಂತೆ

ಬಯಲುಸೀಮೆಯ ಆರ್ಥಿಕ ಜೀವನದಲ್ಲಿ ವಾರದ ಸಂತೆಗೆ ಇರುವ ಸ್ಥಾನವನ್ನು ಯಾವ ಮಾಲ್ ಕೂಡ ತುಂಬಿಲ್ಲ. ಸಂತೆಯ ದಿನ ಹಳ್ಳಿಯಿಂದ ಬಂದ ರೈತ ಸೊಪ್ಪು ಮಾರಿ, ಅದೇ ಹಣದಲ್ಲಿ ಉಪ್ಪು, ಬೇಳೆ, ಬಟ್ಟೆ ಕೊಂಡು, ಹೋಟೆಲಿನಲ್ಲಿ ಚಹಾ ಕುಡಿದು, ಔಷಧಿ ಅಂಗಡಿಗೂ ಹೋಗಿ ಹಿಂತಿರುಗುತ್ತಾನೆ. ಪಟ್ಟಣದ ಕಾಯಂ ಅಂಗಡಿಗಳಿಗೂ ಆ ದಿನವೇ ಹಬ್ಬ.

ಸಂತೆಯಲ್ಲಿ ಕುಳಿತು ಮಾರುವವರಿಂದ ನೆಲಬಾಡಿಗೆ ಅಥವಾ ಸುಂಕ ವಸೂಲು ಮಾಡುವ ಹಕ್ಕನ್ನು ಸ್ಥಳೀಯ ಸಂಸ್ಥೆಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಹಿರಂಗ ಹರಾಜು ಮಾಡುತ್ತವೆ. ಹರಾಜಿನಲ್ಲಿ ಗೆದ್ದ ಗುತ್ತಿಗೆದಾರ ನಿಗದಿಯಾದ ದರದಂತೆ ಪ್ರತಿ ಅಂಗಡಿ, ಚೀಲ, ಬುಟ್ಟಿ ಅಥವಾ ಗಾಡಿಗೆ ಸುಂಕ ಪಡೆಯುತ್ತಾನೆ. ಪುರಸಭೆಗೆ ವಸೂಲಿ ಸಿಬ್ಬಂದಿಯ ಖರ್ಚು ಉಳಿದು, ವರ್ಷದ ಆದಾಯ ಮೊದಲೇ ಖಚಿತವಾಗುವುದು ಇದರ ಅನುಕೂಲ. ಬಿಡ್ ಹೆಚ್ಚಾದಷ್ಟೂ ಗುತ್ತಿಗೆದಾರ ಆ ಹಣವನ್ನು ಸೊಪ್ಪು ಮಾರುವವರಿಂದಲೇ ಪಡೆಯಬೇಕಾಗುವುದು ಇದರ ಅನನುಕೂಲ. ದರಪಟ್ಟಿಯನ್ನು ಸಂತೆಯ ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುವುದು, ಕೊಟ್ಟ ಹಣಕ್ಕೆ ರಸೀದಿ ನೀಡುವುದು ಖರ್ಚಿಲ್ಲದ ಸುಧಾರಣೆಗಳು. ಅವು ನಡೆಯುವ ಊರಿನಲ್ಲಿ ಗದ್ದಲ ಕಡಿಮೆ. ನೆರಳು, ಕುಡಿಯುವ ನೀರು ಮತ್ತು ಹೆಂಗಸರಿಗೆ ಶೌಚಾಲಯ ಎಂಬ ಮೂರು ಸೌಕರ್ಯಗಳು ಇವೆಯೇ ಎಂಬುದರ ಮೇಲೆ ಸಂತೆಗೆ ಮಾರಲು ಬರುವ ಮಹಿಳೆಯರ ಸಂಖ್ಯೆ ಬಹುಮಟ್ಟಿಗೆ ನಿಂತಿದೆ.

ಈರುಳ್ಳಿ, ಕೊಬ್ಬರಿ, ಅಡಿಕೆಗಳ ದೊಡ್ಡ ವ್ಯಾಪಾರ ಸಂತೆಯಲ್ಲಿ ನಡೆಯುವುದಿಲ್ಲ. ಅಜ್ಜಂಪುರದ ಈರುಳ್ಳಿ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯತ್ತ, ಕಡೂರಿನ ಕೊಬ್ಬರಿ ತಿಪಟೂರು, ಅರಸೀಕೆರೆಗಳತ್ತ, ತರೀಕೆರೆಯ ಅಡಿಕೆ ಶಿವಮೊಗ್ಗದತ್ತ ಸಾಗುವುದು ವಾಡಿಕೆ. ಬೆಳೆ ಇಲ್ಲಿಯದಾದರೂ ಬೆಲೆ ನಿರ್ಧಾರವಾಗುವುದು ಹೊರಗೆ. ಇದನ್ನು ಬದಲಾಯಿಸುವ ಶಕ್ತಿ ಪುರಸಭೆಗಿಲ್ಲ. ಆದರೆ ಸಿಪ್ಪೆ ಸುಲಿಯುವ, ಒಣಗಿಸುವ, ಎಣ್ಣೆ ತೆಗೆಯುವ, ಪೊಟ್ಟಣ ಕಟ್ಟುವ ಸಣ್ಣ ಘಟಕಗಳಿಗೆ ಪರವಾನಗಿ, ನೀರು ಮತ್ತು ದಾರಿಯ ವ್ಯವಸ್ಥೆಯನ್ನು ಬೇಗ ಮಾಡಿಕೊಡುವ ಶಕ್ತಿ ಅದಕ್ಕಿದೆ.

ಮಳಿಗೆಗಳ ಹರಾಜು

ಬಸ್ ನಿಲ್ದಾಣ, ಮುಖ್ಯರಸ್ತೆ ಮತ್ತು ತರಕಾರಿ ಮಾರುಕಟ್ಟೆಗಳ ಬಳಿ ಪುರಸಭೆಗಳು ಕಟ್ಟಿಸುವ ವಾಣಿಜ್ಯ ಮಳಿಗೆಗಳು ಸ್ಥಳೀಯ ವ್ಯಾಪಾರಕ್ಕೆ ಅವು ನೀಡುವ ಅತ್ಯಂತ ಕಣ್ಣಿಗೆ ಕಾಣುವ ನೆರವು. ಅತ್ಯಂತ ಹೆಚ್ಚು ವಿವಾದಕ್ಕೆ ಕಾರಣವಾಗುವ ನೆರವೂ ಅದೇ. ಮಳಿಗೆಗಳನ್ನು ಬಹಿರಂಗ ಹರಾಜಿನ ಮೂಲಕ, ಸಾಮಾನ್ಯವಾಗಿ 12 ವರ್ಷ ಮೀರದ ಅವಧಿಗೆ, ಬಾಡಿಗೆಗೆ ಕೊಡಬೇಕೆಂಬುದು ರಾಜ್ಯದ ನಿಯಮ. ಒಂದಿಷ್ಟು ಮಳಿಗೆಗಳನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರಿಗೆ ಮೀಸಲಿಡಬೇಕು.

ನಿಯಮ ಸರಳವಾಗಿದ್ದರೂ ವ್ಯವಹಾರ ಸರಳವಲ್ಲ. ದಶಕಗಳ ಹಿಂದೆ ಕೆಲವೇ ನೂರು ರೂಪಾಯಿ ಬಾಡಿಗೆಗೆ ಮಳಿಗೆ ಪಡೆದವರು ಅಲ್ಲಿಯೇ ವ್ಯಾಪಾರ ಬೆಳೆಸಿಕೊಂಡು, ಆ ಅಂಗಡಿಯ ಹೆಸರಿನಿಂದಲೇ ಊರಿನಲ್ಲಿ ಪರಿಚಿತರಾಗಿರುತ್ತಾರೆ. ಅವಧಿ ಮುಗಿದು ಮರುಹರಾಜು ಬಂದಾಗ ಅವರು ಹೊರಹೋಗಬೇಕು, ಇಲ್ಲವೇ ಮಾರುಕಟ್ಟೆ ದರ ಕೊಡಬೇಕು. ನ್ಯಾಯಾಲಯದ ತಡೆಯಾಜ್ಞೆ, ಬಾಕಿ ಬಾಡಿಗೆ, ಬೀಗಮುದ್ರೆ ಇವೆಲ್ಲ ರಾಜ್ಯದ ಅನೇಕ ಸಣ್ಣ ಪಟ್ಟಣಗಳಲ್ಲಿ ಕೇಳಿಬರುವ ಮಾತುಗಳು. ಮತ್ತೊಂದೆಡೆ, ಕಡಿಮೆ ಬಾಡಿಗೆಗೆ ಪಡೆದ ಮಳಿಗೆಯನ್ನು ಹೆಚ್ಚಿನ ಒಳಬಾಡಿಗೆಗೆ ಇನ್ನೊಬ್ಬರಿಗೆ ಕೊಡುವ ಪದ್ಧತಿಯೂ ಇದೆ. ಆಗ ಸಾರ್ವಜನಿಕ ಆಸ್ತಿಯ ಲಾಭ ಪುರಸಭೆಗೂ ಇಲ್ಲ, ಗಲ್ಲಾದ ಹಿಂದೆ ಕುಳಿತು ನಿಜವಾಗಿ ದುಡಿಯುವವನಿಗೂ ಇಲ್ಲ.

ಹರಾಜಿನಲ್ಲಿ ಪೈಪೋಟಿಯಿಂದ ಏರಿದ ಬಾಡಿಗೆಯೂ ಯಾವಾಗಲೂ ಒಳ್ಳೆಯದಲ್ಲ. ಕೂಗುವಾಗ ಹುರುಪಿನಿಂದ ಕೂಗಿದ ಮೊತ್ತವನ್ನು ತಿಂಗಳು ತಿಂಗಳು ಕಟ್ಟಲಾಗದೆ ಬಾಗಿಲು ಮುಚ್ಚಿದ ಮಳಿಗೆ ಪುರಸಭೆಯ ಲೆಕ್ಕಪುಸ್ತಕದಲ್ಲಿ ಬಾಕಿಯಾಗಿ, ಬೀದಿಯಲ್ಲಿ ಖಾಲಿ ಬಾಗಿಲಾಗಿ ಉಳಿಯುತ್ತದೆ. ಹೊಸದಾಗಿ ವ್ಯಾಪಾರ ಆರಂಭಿಸುವ ಯುವಕರಿಗೆ ದೊಡ್ಡ ಠೇವಣಿ ಕಟ್ಟುವುದು ಕಷ್ಟವಾದ್ದರಿಂದ, ಈಗಾಗಲೇ ಬಂಡವಾಳವಿರುವವರೇ ಹೆಚ್ಚು ಮಳಿಗೆಗಳನ್ನು ಪಡೆಯುವ ಸಂಭವವೂ ಇದೆ. ಸಣ್ಣ ಅಳತೆಯ ಮಳಿಗೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕಟ್ಟುವುದು ಇದಕ್ಕೆ ಒಂದು ಪರಿಹಾರ.

ಉದ್ದಿಮೆ ಪರವಾನಗಿ ಮತ್ತು ಖಾತೆ

ಪುರಸಭೆ ವ್ಯಾಪ್ತಿಯಲ್ಲಿ ಹೋಟೆಲು, ಬೇಕರಿ, ಹಿಟ್ಟಿನ ಗಿರಣಿ, ಮರ ಕೊಯ್ಯುವ ಯಂತ್ರ, ಗ್ಯಾರೇಜು ಮುಂತಾದ ಉದ್ದಿಮೆಗಳನ್ನು ನಡೆಸಲು ಪರವಾನಗಿ ಪಡೆಯಬೇಕು. ಆರೋಗ್ಯ ನಿರೀಕ್ಷಕರು ಸ್ಥಳ ನೋಡಿ ವರದಿ ನೀಡಿದ ಮೇಲೆ, ಶುಲ್ಕ ಪಡೆದು ಪರವಾನಗಿ ಕೊಡಲಾಗುತ್ತದೆ. ಅವಧಿ ಮುಗಿದಾಗ ನವೀಕರಿಸಿಕೊಳ್ಳಬೇಕು. ರಾಜ್ಯದಲ್ಲಿ ಈ ಸೇವೆಯನ್ನು ಗಣಕೀಕರಿಸಿ, ‘ವ್ಯಾಪಾರ’ ಎಂಬ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸುವ ಅವಕಾಶ ಕಲ್ಪಿಸಲಾಗಿದೆ. ನೀರಿನ ಸಂಪರ್ಕಕ್ಕೆ ‘ಜಲನಿಧಿ’, ಕಟ್ಟಡ ನಕ್ಷೆಗೆ ‘ನಿರ್ಮಾಣ’, ದೂರುಗಳಿಗೆ ‘ಜನಹಿತ’ ಎಂಬ ವ್ಯವಸ್ಥೆಗಳಿವೆ.

ಪರವಾನಗಿ ಎಂದರೆ ವ್ಯಾಪಾರಿಗೆ ಕೇವಲ ಗೋಡೆಗೆ ತಗುಲಿಸುವ ಕಾಗದವಲ್ಲ. ಬ್ಯಾಂಕಿನ ಸಾಲಕ್ಕೂ, ಚಾಲ್ತಿ ಖಾತೆ ತೆರೆಯುವುದಕ್ಕೂ ಅದನ್ನು ಕೇಳಲಾಗುತ್ತದೆ. ಹಾಗೆಯೇ ಕಟ್ಟಡದ ಮೇಲೆ ಸಾಲ ಪಡೆಯಬೇಕಾದರೆ ‘ಇ-ಆಸ್ತಿ’ ತಂತ್ರಾಂಶದಿಂದ ಬರುವ ನಮೂನೆ–3 ಬೇಕು. ಖಾತೆ ಬದಲಾವಣೆ ವಿಳಂಬವಾದರೆ ಸಾಲ ವಿಳಂಬ, ಸಾಲ ವಿಳಂಬವಾದರೆ ಹಂಗಾಮು ಮುಗಿದಿರುತ್ತದೆ. ಕೊಬ್ಬರಿ ಅಥವಾ ಈರುಳ್ಳಿ ಕೊಳ್ಳಲು ಬಂಡವಾಳ ಹುಡುಕುವ ಸಣ್ಣ ವರ್ತಕನಿಗೆ ಮಾರ್ಚಿಯಲ್ಲಿ ಬರಬೇಕಾದ ದಾಖಲೆ ಜೂನ್‌ನಲ್ಲಿ ಬಂದು ಪ್ರಯೋಜನವಿಲ್ಲ. ಇಂತಹ ಸೇವೆಗಳಿಗೆ ಕಾಲಮಿತಿ ನಿಗದಿಪಡಿಸಿರುವ ‘ಸಕಾಲ’ ಕಾಯ್ದೆಯ ಮಹತ್ವ ಇಲ್ಲಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕು.

ಪರವಾನಗಿ ಕೊಡುವ ಕೈಯೇ ದಂಡ ಹಾಕುವ ಕೈಯೂ ಆಗಿದೆ. ನಿಷೇಧಿತ ಪ್ಲಾಸ್ಟಿಕ್ ಮಾರಾಟ, ಕಸವನ್ನು ಬೇರ್ಪಡಿಸದೆ ಹಾಕುವುದು, ಪಾದಚಾರಿ ಮಾರ್ಗಕ್ಕೆ ಅಂಗಡಿಯನ್ನು ಚಾಚುವುದು, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಬಳಸದಿರುವುದು ಇವೆಲ್ಲ ತಪಾಸಣೆಗೆ ಒಳಪಡುತ್ತವೆ.

ಬೀದಿ ಬದಿ ವ್ಯಾಪಾರಿಗಳು

ಸಣ್ಣ ಪಟ್ಟಣಗಳಲ್ಲಿ ಅತ್ಯಂತ ಕಡಿಮೆ ಬಂಡವಾಳದಿಂದ ಜೀವನ ಕಟ್ಟಿಕೊಳ್ಳುವ ಮಾರ್ಗ ಬೀದಿ ಬದಿಯ ವ್ಯಾಪಾರ. ಹೂವು, ಹಣ್ಣು, ಎಳನೀರು, ಮಂಡಕ್ಕಿ, ಬೋಂಡ, ಪ್ಲಾಸ್ಟಿಕ್ ಸಾಮಾನು ಮಾರುವವರು ಬಹುಕಾಲ ಪುರಸಭೆಯ ದಾಖಲೆಯಲ್ಲಿ ಇರಲೇ ಇಲ್ಲ. ಇದ್ದರೂ ಒತ್ತುವರಿದಾರರೆಂದು ಇದ್ದರು. 2014ರ ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ ಈ ದೃಷ್ಟಿಯನ್ನು ಬದಲಾಯಿಸಿತು. ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸುವುದು, ಗುರುತಿನ ಚೀಟಿ ಮತ್ತು ವ್ಯಾಪಾರ ಪ್ರಮಾಣಪತ್ರ ನೀಡುವುದು, ವ್ಯಾಪಾರ ವಲಯಗಳನ್ನು ಗುರುತಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಇದಕ್ಕಾಗಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆ ಮುಗಿಯುವ ಮೊದಲು ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಕೋವಿಡ್ ಕಾಲದ ದಿಗ್ಬಂಧನದ ನಂತರ, 2020ರ ಜೂನ್ 1ರಂದು ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯು ಈ ದಾಖಲೆಗಳಿಗೆ ನೇರ ಬೆಲೆ ತಂದಿತು. ಪುರಸಭೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರವಿದ್ದ ವ್ಯಾಪಾರಿಗೆ ಯಾವುದೇ ಅಡಮಾನವಿಲ್ಲದೆ ರೂ. 10,000 ದುಡಿಮೆ ಬಂಡವಾಳದ ಸಾಲ, ಅದನ್ನು ತೀರಿಸಿದವರಿಗೆ ರೂ. 20,000, ನಂತರ ರೂ. 50,000 ಎಂಬ ಮೂರು ಮೆಟ್ಟಿಲುಗಳಿದ್ದವು. ಸಕಾಲದಲ್ಲಿ ಕಂತು ಕಟ್ಟಿದವರಿಗೆ ಶೇ. 7ರಷ್ಟು ಬಡ್ಡಿ ಸಹಾಯಧನವಿದೆ. 2025ರಲ್ಲಿ ಯೋಜನೆಯನ್ನು ಪರಿಷ್ಕರಿಸಿ ಮೊದಲ ಎರಡು ಕಂತುಗಳನ್ನು ಕ್ರಮವಾಗಿ ರೂ. 15,000 ಮತ್ತು ರೂ. 25,000ಕ್ಕೆ ಏರಿಸಲಾಯಿತು, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು. ಹಣ ಬ್ಯಾಂಕಿನದು, ಬಡ್ಡಿ ಸಹಾಯ ಕೇಂದ್ರದ್ದು. ಆದರೆ ಇವರು ನಿಜವಾಗಿ ವ್ಯಾಪಾರಿ ಎಂದು ಹೇಳುವ ಒಂದು ಕಾಗದ ಪುರಸಭೆಯದು. ಮೀಟರ್ ಬಡ್ಡಿಗೆ ಬೆಳಿಗ್ಗೆ ಸಾಲ ಪಡೆದು ಸಂಜೆ ತೀರಿಸುತ್ತಿದ್ದ ಹೂವಿನವಳಿಗೆ ಆ ಕಾಗದದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಯಂ ಉದ್ಯೋಗಕ್ಕೆ ನೆರವು

ಪುರಸಭೆಗಳಲ್ಲಿ ಬಡತನ ನಿವಾರಣಾ ಕಾರ್ಯಕ್ರಮಗಳನ್ನು ಸಮುದಾಯ ಸಂಘಟನಾಧಿಕಾರಿ ನೋಡಿಕೊಳ್ಳುತ್ತಾರೆ. 1997ರ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ, ಅದರ ಸ್ಥಾನದಲ್ಲಿ 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನಗಳ ಅಡಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ರಚನೆ, ಕೌಶಲ ತರಬೇತಿ ಮತ್ತು ಬಡ್ಡಿ ಸಹಾಯಧನದ ಸಾಲಗಳನ್ನು ಒದಗಿಸಲಾಯಿತು. ಎರಡನೆಯ ಯೋಜನೆಯಲ್ಲಿ ವ್ಯಕ್ತಿಗೆ ರೂ. 2 ಲಕ್ಷ, ಗುಂಪಿಗೆ ರೂ. 10 ಲಕ್ಷದವರೆಗಿನ ಸಾಲಕ್ಕೆ ಅವಕಾಶವಿತ್ತು.

ಇದಲ್ಲದೆ ಸ್ಥಳೀಯ ಸಂಸ್ಥೆಗಳು ತಮ್ಮ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಇತರ ವರ್ಗದ ಬಡವರಿಗೆ ಹಾಗೂ ಅಂಗವಿಕಲರಿಗೆ ನಿರ್ದಿಷ್ಟ ಪಾಲನ್ನು ಮೀಸಲಿಡಬೇಕು. ಪುರಸಭೆಯ ಪ್ರಕಟಣೆಗಳಲ್ಲಿ ದೀರ್ಘಕಾಲ ಕಾಣುತ್ತಿದ್ದ ‘ಶೇ. 24.10’, ‘ಶೇ. 7.25’ ಮತ್ತು ‘ಶೇ. 5’ ಎಂಬ ಶೀರ್ಷಿಕೆಗಳ ಅರ್ಥ ಇದೇ. ಹೊಲಿಗೆ ಯಂತ್ರ, ತ್ರಿಚಕ್ರ ವಾಹನ, ಸಣ್ಣ ಉದ್ಯೋಗಕ್ಕೆ ಸಹಾಯಧನ ಇವು ಈ ನಿಧಿಯಿಂದ ಬರುತ್ತವೆ. ಹೊಲಿಗೆ ಯಂತ್ರ ಹಂಚುವ ಸಮಾರಂಭ ಸುಲಭ. ಹೊಲಿದ ಬಟ್ಟೆಗೆ ಗಿರಾಕಿ ಹುಡುಕುವ ಕೆಲಸ ಆ ಸಮಾರಂಭದೊಂದಿಗೆ ಮುಗಿಯುವುದಿಲ್ಲ.

ಅಜ್ಜಂಪುರ: ಹಳ್ಳಿಯಿಂದ ಪಟ್ಟಣಕ್ಕೆ

ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರವು 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ತಾಲ್ಲೂಕು ಕೇಂದ್ರವಾದ ನಂತರ ಇಲ್ಲಿನ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿತು. ತಾಲ್ಲೂಕು ಕಚೇರಿ ಬಂದರೆ ಊರಿನ ಆರ್ಥಿಕತೆಗೆ ಆಗುವ ಪ್ರಯೋಜನ ಲೆಕ್ಕಕ್ಕೆ ಸುಲಭವಾಗಿ ಸಿಗುತ್ತದೆ: ಪಹಣಿ, ಜಾತಿ ಪ್ರಮಾಣಪತ್ರಗಳಿಗಾಗಿ ತರೀಕೆರೆಗೆ ಹೋಗುತ್ತಿದ್ದ ಜನ ಇಲ್ಲಿಯೇ ಬರುತ್ತಾರೆ, ಜೆರಾಕ್ಸ್ ಅಂಗಡಿ, ಹೋಟೆಲು, ಬಾಡಿಗೆ ಮನೆಗಳಿಗೆ ಬೇಡಿಕೆ ಹುಟ್ಟುತ್ತದೆ.

ಮೇಲ್ದರ್ಜೆಯ ಇನ್ನೊಂದು ಮುಖವೂ ಇದೆ. ಗ್ರಾಮ ಪಂಚಾಯಿತಿಯಾಗಿದ್ದಾಗ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಇದ್ದ ಆಸ್ತಿಗಳ ನಮೂನೆ 9 ಮತ್ತು 11ರ ದಾಖಲೆಗಳು ‘ಇ-ಸ್ವತ್ತು’ ವ್ಯವಸ್ಥೆಯಲ್ಲಿದ್ದವು. ಪಟ್ಟಣ ಪಂಚಾಯಿತಿಯಲ್ಲಿ ಅವು ‘ಇ-ಆಸ್ತಿ’ಗೆ ಬರಬೇಕು. ತೆರಿಗೆಯ ಲೆಕ್ಕ ಬದಲಾಗುತ್ತದೆ, ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಗ್ರಾಮೀಣ ಪ್ರದೇಶಗಳಿಗಷ್ಟೇ ಅನ್ವಯಿಸುವ ಉದ್ಯೋಗ ಖಾತರಿಯ ಕೂಲಿ ಪಟ್ಟಣದ ಗಡಿಯೊಳಗೆ ಸಿಗುವುದಿಲ್ಲ. ಅಂಗಡಿ ಇಟ್ಟವನಿಗೆ ಪಟ್ಟಣವಾಗುವುದು ಲಾಭ. ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೂಲಿಯನ್ನು ನೆಚ್ಚಿದವನಿಗೆ ನಷ್ಟ. ಹೊಸ ಪಟ್ಟಣ ಪಂಚಾಯಿತಿ ಬೀದಿ ವ್ಯಾಪಾರ ಮತ್ತು ಸ್ವಸಹಾಯ ಗುಂಪುಗಳ ಯೋಜನೆಗಳನ್ನು ಬೇಗ ಜಾರಿಗೆ ತಂದರೆ ಮಾತ್ರ ಎರಡನೆಯವನಿಗೆ ಬದಲಿ ದಾರಿ ತೆರೆಯುತ್ತದೆ.

ಊರು ಬೆಳೆಯುವ ಮೊದಲೇ ಸಂತೆ, ಲಾರಿ ನಿಲ್ದಾಣ ಮತ್ತು ಈರುಳ್ಳಿ ಗೋದಾಮುಗಳಿಗೆ ಜಾಗ ಕಾದಿರಿಸುವ ಅವಕಾಶ ಅಜ್ಜಂಪುರಕ್ಕಿದೆ. ಹಳೆಯ ಪಟ್ಟಣಗಳಿಗೆ ಆ ಅವಕಾಶ ಉಳಿದಿಲ್ಲ. ಸಮೀಪದಲ್ಲೇ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವಿದೆ. ಆ ನೀರಿನ ದೊಡ್ಡ ಪಾಲು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೆ ಮೀಸಲು.

ನೀರು ಮತ್ತು ಹೆದ್ದಾರಿ

ಕಡೂರಿನಂತಹ ಬರಪೀಡಿತ ಪಟ್ಟಣದಲ್ಲಿ ನೀರು ಪೂರೈಕೆಯೇ ವ್ಯಾಪಾರಕ್ಕೆ ದೊಡ್ಡ ಬೆಂಬಲ. ವಾರಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಹೋಟೆಲಿನವನು ಟ್ಯಾಂಕರಿಗೆ ಕೊಡುವ ಹಣ ಇಡ್ಲಿಯ ಬೆಲೆಯಲ್ಲಿ ಸೇರುತ್ತದೆ. ಕೊಳವೆ ಬಾವಿಗಳ ಪಂಪು ಮತ್ತು ಬೀದಿ ದೀಪಗಳ ವಿದ್ಯುತ್ ಬಿಲ್ಲು ಸ್ಥಳೀಯ ಸಂಸ್ಥೆಗಳ ಖರ್ಚಿನಲ್ಲಿ ದೊಡ್ಡ ಭಾಗ.

ಹೆದ್ದಾರಿಯ ಚತುಷ್ಪಥ ಕಾಮಗಾರಿ ಮತ್ತು ಊರ ಹೊರಗಿನ ಬೈಪಾಸು ರಸ್ತೆಗಳು ಕಡೂರು, ಬೀರೂರು, ತರೀಕೆರೆಗಳ ಮುಂದಿಟ್ಟಿರುವ ಪ್ರಶ್ನೆ ಬೇರೆ ತೆರನದು. ಊರೊಳಗೆ ಲಾರಿಗಳ ದಟ್ಟಣೆ ತಗ್ಗಿದಷ್ಟೂ ಬಸ್ಸಿಳಿದು ತಿಂಡಿ ತಿನ್ನುವ, ಕಾರು ನಿಲ್ಲಿಸಿ ಎಳನೀರು ಕುಡಿಯುವ ಗಿರಾಕಿಯೂ ತಗ್ಗುತ್ತಾನೆ. ಹಳೆಯ ಹೆದ್ದಾರಿ ಊರಿನ ಮುಖ್ಯಬೀದಿಯಾಗಿ ಮಾತ್ರ ಉಳಿದಾಗ ಅದನ್ನು ನಡೆದಾಡಲು, ವಾಹನ ನಿಲ್ಲಿಸಲು, ಸಂಜೆ ಕೊಳ್ಳಲು ಅನುಕೂಲವಾದ ಬೀದಿಯಾಗಿ ರೂಪಿಸುವುದು ಪುರಸಭೆಯ ಕೆಲಸ. ತರೀಕೆರೆಗೆ ಇನ್ನೊಂದು ಅನುಕೂಲವಿದೆ: ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ಜಲಪಾತ ಮತ್ತು 1196ರಲ್ಲಿ ನಿರ್ಮಾಣವಾದ ಅಮೃತಾಪುರದ ಅಮೃತೇಶ್ವರ ದೇವಾಲಯಗಳಿಗೆ ಹೋಗುವವರಿಗೆ ಅದೇ ಹತ್ತಿರದ ಪಟ್ಟಣ. ಪ್ರವಾಸಿಗರು ಅಲ್ಲಿ ಒಂದು ರಾತ್ರಿ ತಂಗುವರೋ, ಇಂಧನ ತುಂಬಿಸಿಕೊಂಡು ಮುಂದೆ ಸಾಗುವರೋ ಎಂಬುದನ್ನು ಶುಚಿಯಾದ ವಸತಿಗೃಹ, ಶೌಚಾಲಯ ಮತ್ತು ದಾರಿಸೂಚಕ ಫಲಕಗಳು ನಿರ್ಧರಿಸುತ್ತವೆ.

ಆಡಳಿತದ ನಿರಂತರತೆ ಮತ್ತು ಜನರ ಪಾಲ್ಗೊಳ್ಳುವಿಕೆ

ಇಂತಹ ಕೆಲಸಗಳಿಗೆ ಕೆಲವು ವರ್ಷ ಎಡೆಬಿಡದ ಆಡಳಿತ ಬೇಕು. 2018ರ ಚುನಾವಣೆಯ ನಂತರ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳಲ್ಲಿ ಸದಸ್ಯರು ಆಯ್ಕೆಯಾಗಿದ್ದರೂ ಎರಡು ವರ್ಷಗಳ ಕಾಲ ಅಧ್ಯಕ್ಷರಿರಲಿಲ್ಲ. ಮೊದಲ 30 ತಿಂಗಳ ಅವಧಿ ಮುಗಿದ ಮೇಲೆ, 2023–24ರಲ್ಲಿ, ಮತ್ತೆ ಅದೇ ಸ್ಥಿತಿ ಒದಗಿತು. ಆ ಅವಧಿಯಲ್ಲಿ ಸರ್ಕಾರಿ ಅಧಿಕಾರಿಗಳು ಆಡಳಿತಾಧಿಕಾರಿಗಳಾಗಿ ಕಾರ್ಯನಿರ್ವಹಿಸಿದರು. ದಿನನಿತ್ಯದ ಕೆಲಸ ನಡೆಯುತ್ತದೆ. ಹೊಸ ಮಾರುಕಟ್ಟೆ ಎಲ್ಲಿರಬೇಕು ಎಂಬಂತಹ ತೀರ್ಮಾನಗಳು ಮುಂದಕ್ಕೆ ಹೋಗುತ್ತವೆ.

ವಾರ್ಡ್ ಸಮಿತಿಗಳನ್ನು ಸಂವಿಧಾನ ಕಡ್ಡಾಯಗೊಳಿಸಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಸಣ್ಣ ಪಟ್ಟಣದ ವ್ಯಾಪಾರಿಗಳಿಗೆ ತಮ್ಮ ಮಾತು ಹೇಳಲು ಇರುವ ಮುಖ್ಯ ವೇದಿಕೆ ಆಯವ್ಯಯ ಪೂರ್ವಭಾವಿ ಸಭೆ. ಹಣಕಾಸು ವರ್ಷ ಮುಗಿಯುವ ಕೆಲವು ತಿಂಗಳ ಮೊದಲು ಪುರಸಭೆ ಸಾರ್ವಜನಿಕರನ್ನೂ ಸಂಘ ಸಂಸ್ಥೆಗಳನ್ನೂ ಕರೆದು ಸಲಹೆ ಪಡೆಯುತ್ತದೆ. ಸಭೆಯ ದಿನಾಂಕವನ್ನು ಸೂಚನಾಫಲಕದಲ್ಲಿ ಪ್ರಕಟಿಸುವುದು ವಾಡಿಕೆ. ಬಾಯಿಮಾತಿನ ಜೊತೆಗೆ ಲಿಖಿತ ಸಲಹೆಯನ್ನೂ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆಯಬಹುದು.